ಕೈ ಎತ್ತಿ ಎಂದ ಅಕ್ಕ

ನನ್ನ ಅಕ್ಕ ಶಾರದಾ ಯಾರ ಮೇಲಾದರೂ ಸಿಟ್ಟಾದರೆ ಮೊದಲು ಅವರ ಹೆಸರು ಹೇಳುವುದನ್ನು ಬಿಡುತ್ತಿದ್ದಳು. ಆಮೇಲೆ ಅವರು ಮಾಡಿದ ತಪ್ಪೇ ಅವರ ಹೆಸರು. ಗಲ್ಫಿನ ಬನಿಯಾಸ್‌ನಲ್ಲಿ ನಮ್ಮ ಬೀದಿಯ ತರಕಾರಿ ಅಂಗಡಿಯವನು ಒಮ್ಮೆ ಕೊಳೆತ ಟೊಮೆಟೊಗಳನ್ನು ಚೀಲದ ತಳಕ್ಕೆ ಹಾಕಿ ಕೊಟ್ಟಿದ್ದ. ಅಂದಿನಿಂದ ಅವನು ‘ತಳದ ಟೊಮೆಟೊ’. ಜುಲೈ ತಿಂಗಳ ಬಿಸಿಲಿನಲ್ಲೂ ಅಕ್ಕ ದೂರದ ಅಂಗಡಿಗೆ ನಡೆದು ಹೋಗಿ, ತುಂಬಿದ ಚೀಲ ಹಿಡಿದು ಅವನ ಬಾಗಿಲ ಮುಂದಿನಿಂದಲೇ ವಾಪಸು ಬರುತ್ತಿದ್ದಳು. ಹಿಂದಿನ ಓಣಿಯಲ್ಲಿ ನೆರಳುಂಟಲ್ಲ ಎಂದು ನಾನು ಹೇಳಿದರೆ, “ನೆರಳಲ್ಲಿ ಬಂದ್ರೆ ಅವನಿಗೆ ಕಾಣುದು ಹೇಗೆ ಮಾರಾಯ?” ಎನ್ನುತ್ತಿದ್ದಳು.

ನಮ್ಮದು ಉಡುಪಿ ಕಡೆ. ಅಕ್ಕ ಓದಿ ಬನಿಯಾಸ್‌ನ ಒಂದು ಭಾರತೀಯ ಶಾಲೆಯಲ್ಲಿ ಗಣಿತದ ಟೀಚರ್ ಆದಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನನ್ನು ಅದೇ ಶಾಲೆಯ ಬಸ್ ಡ್ರೈವರ್ ಮಾಡಿದ್ದೂ ಅವಳೇ. ಲೈಸೆನ್ಸ್ ಪರೀಕ್ಷೆಯ ಪಾಠವನ್ನು ಅಡುಗೆಮನೆಯಲ್ಲಿ ನಿಲ್ಲಿಸಿಕೊಂಡು ಬಾಯಿಪಾಠ ಮಾಡಿಸಿದ್ದಳು. ದಿನಾ ನನ್ನ ಬಸ್ಸಿನಲ್ಲೇ ಬರುತ್ತಿದ್ದಳು. ಅವಳ ಜಾಗ ನನ್ನ ಬೆನ್ನ ಹಿಂದಿನ ಸೀಟು. ಸಂಜೆ ಹೊತ್ತು ಕಿತ್ತಳೆ ಸುಲಿಯುವಳು. ಸಿಗ್ನಲ್ಲಿನಲ್ಲಿ ನಾನು ತಿರುಗದೆ ಕೈಯೊಂದನ್ನು ಹಿಂದೆ ಚಾಚಿದರೆ ಸಾಕು, ಅಂಗೈಗೆ ಒಂದು ತೊಳೆ ಬೀಳುತ್ತಿತ್ತು.

ಶಾಲೆಯ ಬಜೆಟ್ ಎಂದರೇನೆಂದು ನನಗೆ ತಿಳಿದದ್ದು ಆ ಸೀಟಿನಿಂದ ಬಂದ ಮಾತುಗಳಿಂದ. “ಮೊದಲು ಕಟ್ಟಡದ ಬಾಡಿಗೆ, ಆಮೇಲೆ ಎಸಿ, ಆಮೇಲೆ ಹೊಸ ಈಜುಕೊಳ. ಮತ್ತೆ ಉಳಿದದ್ದು ನಮ್ಮ ಸಂಬಳಕ್ಕೆ,” ಎನ್ನುತ್ತಿದ್ದಳು. “ಮದುವೆ ಊಟದ ಕಡೇ ಪಂಕ್ತಿಯಲ್ಲಿ ಕೂತ ಹಾಗೆ. ಎಲೆ ಉಂಟು, ಪಾಯಸ ಇಲ್ಲ.”

ಫೀಸು ಏರಿಸಬೇಕಾದಾಗ ಮಾತ್ರ ಆಡಳಿತದವರಿಗೆ ಟೀಚರುಗಳ ನೆನಪಾಗುತ್ತಿತ್ತು. ಪೋಷಕರ ಸಭೆ ಕರೆದು, ಒಳ್ಳೆಯ ಟೀಚರುಗಳು ಉಳಿಯಬೇಕಾದರೆ ಸಂಬಳ ಹೆಚ್ಚಿಸಬೇಕು, ಅದಕ್ಕೇ ಈ ಏರಿಕೆ ಎಂದು ವಿವರಿಸುವರು. ಆ ದುಡ್ಡು ಟೀಚರುಗಳ ಕೈಗೆ ಬಂದದ್ದೇ ಇಲ್ಲ. ಆ ವರ್ಷ ಮತ್ತೆ ಸಭೆ ಗೊತ್ತಾದಾಗ ಅಕ್ಕ ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದಳು: “ಟೀಚರ್ ಆಗಿ ಬಾಯಿ ಬಿಟ್ರೆ ಹೊರಗೆ ಹಾಕ್ತಾರೆ. ನಿಧಿಯ ಅಮ್ಮ ಆಗಿ ಎದ್ದು ಕೇಳಿದ್ರೆ ಎಂತ ಮಾಡ್ತಾರೆ?” ಅವಳ ಮಗಳು ನಿಧಿ ಅಲ್ಲೇ ಓದುತ್ತಿದ್ದಳು.

ನಮ್ಮ ಮ್ಯಾನೇಜರ್ ಊರ ಕಡೆಯವನೇ. ಅವನ ಹೆಸರನ್ನು ನಾನೂ ಹೇಳುವುದಿಲ್ಲ. ಅದೇ ವಾರ ನನ್ನನ್ನು ಕರೆದು ಚಹಾ ಕೊಟ್ಟ. “ನೋಡು ದಯಾನಂದ, ಸಂಬಳ ಎಲ್ಲ ಒಂದೇ ಪಾತ್ರೆಯಿಂದ ಬಡಿಸುದು. ಟೀಚರುಗಳು ಗಲಾಟೆ ಮಾಡಿದ್ರೆ ಡ್ರೈವರುಗಳಿಗೆ ಖಲಾಸ್. ನಿನ್ನ ಹೆಂಡತಿಯನ್ನು ಕರೆಸ್ಬೇಕು ಅಂತಿದ್ದೆ ಅಲ್ವಾ?” ಎಂದ. ಫ್ಯಾಮಿಲಿ ವೀಸಾಕ್ಕೆ ನನ್ನ ಸಂಬಳ ಸಾಲುತ್ತಿರಲಿಲ್ಲ. ಮದುವೆಯಾದ ಮೇಲೆ ನಾನು ಹೆಂಡತಿಯ ಜೊತೆ ಇದ್ದದ್ದು ರಜೆಯಲ್ಲಿ ಮಾತ್ರ. ಚಹಾ ಮುಗಿಯುವ ಮೊದಲು ಅಕ್ಕನ ಯೋಚನೆಯನ್ನೆಲ್ಲ ಹೇಳಿಬಿಟ್ಟೆ. ಬೆದರಿಸಿದ್ದಕ್ಕೆ ಹೇಳಿದೆ ಎಂದರೆ ಸುಳ್ಳಾಗುತ್ತದೆ. ಆಸೆಗೆ ಹೇಳಿದೆ.

ಸಭೆಯ ದಿನ ಬೆಳಿಗ್ಗೆ ಅಕ್ಕನಿಗೆ ಆದೇಶ ಬಂತು: ಮಕ್ಕಳನ್ನು ಗಣಿತ ಸ್ಪರ್ಧೆಗೆ ದೂರದ ಅಲ್ ಐನ್ ಊರಿಗೆ ಕರೆದುಕೊಂಡು ಹೋಗಬೇಕು. ಬಸ್ಸು ನನ್ನದೇ. ಅವಳು ದಾರಿಯುದ್ದಕ್ಕೂ ಮಕ್ಕಳಿಗೆ ಮಗ್ಗಿ ಕೇಳುತ್ತಾ ಕೂತಿದ್ದಳು. ವಾಪಸು ಬರುವಾಗ ಮಕ್ಕಳೆಲ್ಲ ನಿದ್ದೆ ಹೋದರು. ಆಗ ಹಿಂದಿನಿಂದ ತಣ್ಣಗೆ ಕೇಳಿಸಿತು: “ದಯಾ, ಆ ವಿಷಯ ನಾನು ಹೇಳಿದ್ದು ಒಬ್ಬನಿಗೇ.”

ನಾನು ರಸ್ತೆ ನೋಡುತ್ತಾ ಬಸ್ಸು ಓಡಿಸಿದೆ. ಅವಳ ಬಾಯಲ್ಲಿ ನನ್ನ ಹೆಸರು ಬಂದದ್ದು ಅದೇ ಕೊನೆ.

ಫೀಸು ಏರಿತು. ಹೊಸ ವರ್ಷಕ್ಕೆ ಅಕ್ಕನ ಕಾಂಟ್ರಾಕ್ಟ್ ಮುಂದುವರಿಯಲಿಲ್ಲ. ಡ್ರೈವರುಗಳಲ್ಲಿ ನನ್ನೊಬ್ಬನ ಸಂಬಳ ಹೆಚ್ಚಾಯಿತು, ಹೆಂಡತಿ ಬಂದಳು. ಅಕ್ಕನಿಗೆ ಹತ್ತಿರದಲ್ಲೇ ಬೇರೆ ಶಾಲೆಯಲ್ಲಿ ಕೆಲಸ ಸಿಕ್ಕಿತು. ಟೀಚರ ಮಗಳೆಂದು ನಿಧಿಗೆ ಅಲ್ಲಿ ಅರ್ಧ ಫೀಸು. ಆದರೂ ಅಕ್ಕ ಮಗಳನ್ನು ಬಿಡಿಸಲಿಲ್ಲ. ಪೂರ್ತಿ ಫೀಸು ಕಟ್ಟಿ ಹಳೆಯ ಶಾಲೆಯಲ್ಲೇ ಇಟ್ಟಳು. ಭಾವ ತಲೆ ಚಚ್ಚಿಕೊಂಡರು. “ಅದು ಫೀಸಲ್ಲ, ನನ್ನ ಟಿಕೇಟು. ಮುಂದಿನ ವರ್ಷವೂ ಸಭೆ ಉಂಟಲ್ಲ?” ಎಂದಳಂತೆ.

ಮುಂದಿನ ವರ್ಷವೂ ಸಭೆ ಕರೆದರು. ಮ್ಯಾನೇಜರ್ ಅದೇ ಮಾತು ಆಡಿದ. ಟೀಚರುಗಳನ್ನು ಗೋಡೆಯ ಬದಿಗೆ ಸಾಲಾಗಿ ನಿಲ್ಲಿಸಿದ್ದರು. ನಾವು ಡ್ರೈವರುಗಳು ಹಿಂದೆ ಚಹಾ ಹಂಚುತ್ತಿದ್ದೆವು. ಅಕ್ಕ ಎದ್ದಳು. ಮದುವೆಗೆ ಉಡುವ ಹಸಿರು ರೇಷ್ಮೆ ಸೀರೆ ಉಟ್ಟು ಬಂದಿದ್ದಳು.

“ನಾನು ನಿಧಿಯ ಅಮ್ಮ. ಟೀಚರುಗಳ ಸಂಬಳಕ್ಕೆ ಅಂತ ಹೋದ ವರ್ಷ ನಾವೆಲ್ಲ ಹೆಚ್ಚು ಕೊಟ್ಟಿದ್ದೇವೆ. ಟೀಚರುಗಳು ಇಲ್ಲೇ ನಿಂತಿದ್ದಾರೆ. ಅವರು ಮಾತಾಡುದು ಬೇಡ ಪಾಪ. ಸಂಬಳ ಹೆಚ್ಚಾದವರು ಕೈ ಎತ್ತಿದ್ರೆ ಸಾಕು.”

ಗೋಡೆಯ ಬದಿಯಲ್ಲಿ ಒಂದು ಕೈಯೂ ಮೇಲೇಳಲಿಲ್ಲ. ಮ್ಯಾನೇಜರ್ ಮೈಕ್ ಹಿಡಿದು, “ಇದು ಅದರ ಸಮಯ ಅಲ್ಲ ಮೇಡಂ,” ಎಂದ. ಅಕ್ಕ ಕೂರಲಿಲ್ಲ. ತಿರುಗಿ ಸಭಾಂಗಣದ ಹಿಂಭಾಗ ನೋಡಿದಳು. “ಡ್ರೈವರುಗಳೂ ಎತ್ತಬಹುದು.”

ನನ್ನ ಕೈಯಲ್ಲಿ ಚಹಾದ ಫ್ಲಾಸ್ಕ್ ಇತ್ತು. ನಾನು ಅದನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡೆ. ಅಷ್ಟರಲ್ಲಿ ಒಬ್ಬ ತಂದೆ ಎದ್ದು ಕೂಗಿದ, ಆಮೇಲೆ ಸಭೆಗೆ ಸಭೆಯೇ ಎದ್ದಿತು. ಆ ವರ್ಷ ಫೀಸು ಏರಲಿಲ್ಲ. ಬೇಸಿಗೆ ರಜೆಗೆ ಹೋದ ಮ್ಯಾನೇಜರನನ್ನು ಆಡಳಿತದವರು ವಾಪಸು ಕರೆಸಿಕೊಳ್ಳಲಿಲ್ಲ. ಸುದ್ದಿ ಕೇಳಿ ಅಕ್ಕ ತನ್ನ ಕಟ್ಟಡದ ಮನೆಮನೆಗೂ ಪಾಯಸ ಹಂಚಿದಳು. ನಮ್ಮ ಮನೆಗೆ ಬರಲಿಲ್ಲ.

ಸಭೆ ಮುಗಿದಾಗ ಮಾತ್ರ ಬಾಗಿಲಲ್ಲಿ ಒಂದು ಕ್ಷಣ ನಿಂತು ನನ್ನ ಕೈಯನ್ನೇ ನೋಡಿದ್ದಳು. “ಎಂತ ಡ್ರೈವರೇ, ಕೈ ಉಳುಕಿದೆಯಾ? ಮೇಲೆ ಬರ್ಲೇ ಇಲ್ಲ.”

ಮತ್ತೆ ನನ್ನನ್ನು ಅವಳು ಕರೆದದ್ದು ಊರಿಗೆ ಶಾಶ್ವತವಾಗಿ ಹೊರಟಾಗ. ಭಾವನ ಕಂಪನಿ ಮುಚ್ಚಿ, ಅವರು ನಿಧಿಯ ಜೊತೆ ಮೊದಲೇ ಹೋಗಿದ್ದರು. ಫೋನಿನಲ್ಲಿ, “ಡ್ರೈವರೇ, ಏರ್‌ಪೋರ್ಟಿಗೆ ಬಿಡ್ತೀರಾ?” ಎಂದಳು. ಗೆಳೆಯನ ಕಾರು ತೊಳೆದು ಒಯ್ದೆ. ಪಕ್ಕದ ಸೀಟಿನ ಬಾಗಿಲು ತೆರೆದು ನಿಂತೆ. ಅವಳು ಹಿಂದಿನ ಬಾಗಿಲು ತಾನೇ ತೆಗೆದುಕೊಂಡು ಕೂತಳು.

ಕ್ಷಮಿಸು ಎನ್ನಲು ಮಾತು ಜೋಡಿಸಿಕೊಂಡು ಹೋಗಿದ್ದೆ. “ಅಕ್ಕ...” ಎಂದೆ. “ಎಸಿ ಸ್ವಲ್ಪ ಕಡಿಮೆ ಮಾಡಿ,” ಎಂದಳು. ಕಡಿಮೆ ಮಾಡಿದೆ. ಸ್ವಲ್ಪ ಹೊತ್ತಿಗೆ ಕಾರಿನೊಳಗೆ ಕಿತ್ತಳೆ ಸಿಪ್ಪೆಯ ವಾಸನೆ ಹರಡಿತು.

ಏರ್‌ಪೋರ್ಟಿನ ಮೊದಲಿನ ಸಿಗ್ನಲ್ಲು ಕೆಂಪಾಯಿತು. ನಾನು ತಿರುಗದೆ ಕೈಯನ್ನು ಹಿಂದೆ ಚಾಚಿದೆ. ಹಿಂದೆ ಅವಳು ಒಂದೊಂದೇ ತೊಳೆ ಬಿಡಿಸಿ, ಬೀಜ ಉಗುಳಿ, ನಿಧಾನವಾಗಿ ತಿನ್ನುವ ಸದ್ದು ಕೇಳುತ್ತಿತ್ತು. ಸಿಗ್ನಲ್ಲು ಹಸಿರಾಗಿ ಹಿಂದಿನ ಕಾರಿನವನು ಹಾರನ್ ಹೊಡೆದ ಮೇಲೆ ಕೈಯನ್ನು ಸ್ಟಿಯರಿಂಗಿಗೆ ತಂದೆ.