ಇಲ್ಲದ ಸೇತುವೆಯ ದಡಕ್ಕೆ

ಭಾನುವಾರ ಬೆಳಿಗ್ಗೆ ಎಂಟಕ್ಕೆ ಡೊಂಬಿವಲಿಯಿಂದ ಹೊರಟೆ. ಹನ್ನೊಂದರ ಮೇಲೆ ಮೆಗಾಬ್ಲಾಕ್ ಇತ್ತು; ಹಳಿ ರಿಪೇರಿಗೆ ಗಾಡಿ ನಿಲ್ಲಿಸುವ ಆ ಹೊತ್ತಿನಲ್ಲಿ ಸಿಕ್ಕಿಬಿದ್ದರೆ ದಿನವೇ ಹೋಯಿತು. ನಾನು ಸಮುದ್ರದ ಉಪ್ಪುನೀರು ಒಳನುಗ್ಗುವ ಖಾಡಿಯ ದಂಡೆಯಲ್ಲಿ, ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡನ್ನು ಕಾಯುವ ಸರ್ಕಾರಿ ಇಲಾಖೆಯೊಂದರ ವಕೀಲ. ಹದಿನಾಲ್ಕು ವರ್ಷಗಳಲ್ಲಿ ಆ ಕಾಡಿನ ಬಗ್ಗೆ ರಾಶಿ ಕಾಗದ ಬರೆದಿದ್ದೇನೆ. ಅದರ ಕೆಸರು ತುಳಿದದ್ದು ಮಾತ್ರ ಇಲ್ಲ.

ಹೊರಟ ಕಾರಣವನ್ನು ನಾಚಿಕೆಯಾದರೂ ಹೇಳಲೇಬೇಕು. ಘಣಸೋಲಿಯಾಚೆ ಒಂದು ಮೀನುಗಾರರ ಕೇರಿ. ಅವರು ಕಲ್ಲು ಪೇರಿಸಿ ಕಟ್ಟಿಕೊಂಡ ಧಕ್ಕೆಯನ್ನು, ಅಂದರೆ ದೋಣಿ ಕಟ್ಟುವ ಕಟ್ಟೆಯನ್ನು, ಒತ್ತುವರಿ ಎಂದು ಒಡೆಸಲು ನಮ್ಮ ಇಲಾಖೆ ಹೊರಟಿತ್ತು. ಅವರು ಥಾಣೆಯ ಕೋರ್ಟಿಗೆ ಹೋದರು. ಇಲಾಖೆಯ ಉತ್ತರ ಬರೆದು ಸಹಿ ಹಾಕಿದವನು ನಾನು. ‘ಸ್ಥಳಕ್ಕೆ ಖುದ್ದಾಗಿ ಭೇಟಿ ನೀಡಿದ್ದೇನೆ, ಬಹುಕಾಲದಿಂದ ಇಲ್ಲಿ ಯಾರೂ ಮೀನು ಹಿಡಿಯುತ್ತಿಲ್ಲ’ ಎಂದು ಬರೆದಿದ್ದೆ. ಭೇಟಿ ಎಲ್ಲಿಂದ ಬಂತು? ಕಲ್ಯಾಣದ ಹಳೆಯ ಪ್ರಕರಣದ ಉತ್ತರವನ್ನು ತೆಗೆದು ಊರಿನ ಹೆಸರು ಬದಲಿಸಿದ್ದೆ, ಅಷ್ಟೆ. ನಮ್ಮ ಆಫೀಸಿನಲ್ಲಿ ಎಲ್ಲರದೂ ಇದೇ ಪದ್ಧತಿ. ಅಪ್ಪನ ಹೋಟೆಲಿನಲ್ಲಿ ಹೊಸ ದೋಸೆ ಹಿಟ್ಟಿಗೆ ನಿನ್ನೆಯದನ್ನು ಒಂದು ಸೌಟು ಬೆರೆಸುತ್ತಿದ್ದ ಹಾಗೆ. ಕಳೆದ ತಾರೀಖಿನಂದು ನ್ಯಾಯಾಧೀಶರು, “ನೀವೇ ನೋಡಿದ್ದೀರಲ್ಲ, ಧಕ್ಕೆಯಿಂದ ಕಾಡು ಎಷ್ಟು ದೂರ?” ಎಂದು ಕೇಳಿದರು. ಸೋಮವಾರ ಹೇಳುತ್ತೇನೆ ಎಂದು ತಪ್ಪಿಸಿಕೊಂಡೆ.

ಥಾಣೆಯಲ್ಲಿ ಪನ್ವೇಲ್ ಕಡೆಯ ಗಾಡಿ ಹಿಡಿದೆ. ಭಾನುವಾರವಾದ್ದರಿಂದ ಕೂರಲು ಜಾಗ ಸಿಕ್ಕಿತು. ಐರೋಲಿ, ರಬಾಳೆ ದಾಟಿ ಘಣಸೋಲಿಯಲ್ಲಿ ಇಳಿದಾಗ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಸ್ಟೇಷನ್ ಎದುರಿನ ಹೋಟೆಲು ವಸಂತಣ್ಣನದು. ಉಡುಪಿ ಕಡೆಯವರು, ಹಿಂದೆ ಡೊಂಬಿವಲಿಯಲ್ಲಿ ನನ್ನ ಅಪ್ಪನ ಹತ್ತಿರ ಕೆಲಸಕ್ಕಿದ್ದವರು. ಎರಡು ಬನ್ಸ್ ತಂದಿಟ್ಟು ಎದುರು ಕೂತರು.

“ಎಂತ ವಕೀಲ್ರೆ, ಆದಿತ್ಯವಾರವೂ ಡ್ಯೂಟಿಯಾ?”

“ಧಕ್ಕೆ ನೋಡುವ ಅಂತ ಬಂದೆ.”

“ಹೌದಾ? ಒಳ್ಳೇದಾಯ್ತು ಮಾರಾಯ್ರೆ. ಅದನ್ನು ಒಡೆಸ್ತಾರಂತೆ. ಪಾಪದವರು, ಬೇರೆ ಕಸುಬು ಗೊತ್ತಿಲ್ಲ. ನೀವು ಸರ್ಕಾರದಲ್ಲಿ ಇರುವವರು, ಅವ್ರ ಪರ ಒಂದು ಮಾತು ಹೇಳಿ. ಮತ್ತೆ ಬೂಟು ಬಿಚ್ಚಿ ಕೈಯಲ್ಲಿ ಹಿಡ್ಕೊಳ್ಳಿ, ಕೆಸರುಂಟು.”

ಒಂದು ಬನ್ಸ್ ತಟ್ಟೆಯಲ್ಲೇ ಬಿಟ್ಟು ಎದ್ದೆ. ಅವರು ಹಣ ತೆಗೆದುಕೊಳ್ಳಲಿಲ್ಲ, ಅದು ಇನ್ನಷ್ಟು ಚುಚ್ಚಿತು.

ಶೇರ್ ರಿಕ್ಷಾಕ್ಕೆ ಇಪ್ಪತ್ತು ರೂಪಾಯಿ ಕೊಟ್ಟು ಊರ ಕೊನೆಗೆ ಹೋಗಿ, ಅಲ್ಲಿಂದ ಕಾಲು ಗಂಟೆ ನಡೆದೆ. ಇಳಿತದ ಹೊತ್ತು. ಆರು ದೋಣಿಗಳು ಕೆಸರಿನ ಮೇಲೆ ವಾಲಿ ಕೂತಿದ್ದವು. ಧಕ್ಕೆಯ ಕಲ್ಲುಗಳು ಕಾಲ ತುಳಿತಕ್ಕೆ ಸವೆದು ನುಣುಪಾಗಿದ್ದವು. ಒದ್ದೆ ಬಲೆಗಳು, ಬುಟ್ಟಿಯಲ್ಲಿ ಹರಿದಾಡುವ ಏಡಿಗಳು. ಯಾರೂ ಮೀನು ಹಿಡಿಯುತ್ತಿಲ್ಲ ಎಂದು ಬರೆದ ಜಾಗ ಇದು. ಧಕ್ಕೆಯಿಂದ ಕಾಡಿಗೆ ನಲವತ್ತೆರಡು ಹೆಜ್ಜೆ, ಎಣಿಸಿ ಬರೆದುಕೊಂಡೆ.

ಬಲೆ ಹೊಲಿಯುತ್ತಿದ್ದ ಹೀರಾಬಾಯಿ ಎಂಬ ಹೆಂಗಸು ನನ್ನನ್ನು ಕರೆದು ಚಹಾ ಕೊಟ್ಟಳು. ವಯಸ್ಸು ಅರವತ್ತರ ಮೇಲಿರಬೇಕು. ಧಕ್ಕೆಯ ಕಲ್ಲು ಹೊತ್ತವರಲ್ಲಿ ಅವಳ ಮಾವನೂ ಒಬ್ಬ. ಮಾತೆಲ್ಲ ಮರಾಠಿಯಲ್ಲಿ ನಡೆಯಿತು. ಧಕ್ಕೆ ನೋಡಲು ಬಂದೆ ಎಂದಷ್ಟೇ ಹೇಳಿದ್ದೆ, ಯಾರೆಂದು ಹೇಳಿರಲಿಲ್ಲ. ನಾನು ಓದಿದವನೆಂದು ಕಂಡು ಒಳಗಿನಿಂದ ಪ್ಲಾಸ್ಟಿಕ್ ಚೀಲವೊಂದನ್ನು ತಂದಳು.

“ದಾದಾ, ಇದು ಇಂಗ್ಲಿಷಿನಲ್ಲಿದೆ. ನಮ್ಮ ವಕೀಲ ಬರೀ ತಾರೀಖು ಹೇಳ್ತಾನೆ. ಸ್ವಲ್ಪ ಓದಿ ಹೇಳ್ತೀರಾ?”

ಅದು ನನ್ನದೇ ಉತ್ತರದ ಪ್ರತಿ. ಎದುರು ಪಕ್ಷದವರೊಂದಿಗೆ ಪ್ರಕರಣದ ಮಾತಾಡಬಾರದೆಂಬ ನಿಯಮ ಆಗ ನೆನಪಾಯಿತು. ಆದರೂ ನನ್ನ ಬರಹವನ್ನು ನಾನೇ ಮರಾಠಿಗೆ ತಿರುಗಿಸುತ್ತ ಓದಿದೆ. ‘ಖುದ್ದಾಗಿ ಭೇಟಿ’ ಎಂದಾಗ ಧ್ವನಿ ತಗ್ಗಿತು. ‘ರೈಲ್ವೆ ಸೇತುವೆಯ ದಕ್ಷಿಣಕ್ಕಿರುವ ಈ ಧಕ್ಕೆ’ ಎಂದಾಗ ಅವಳು ಸೂಜಿ ನಿಲ್ಲಿಸಿದಳು.

“ಯಾವ ಸೇತುವೆ?”

ತಲೆ ಎತ್ತಿ ನೋಡಿದೆ. ಕೆಸರು, ಕಾಡು, ನೀರು. ಸೇತುವೆ ಇರಲಿಲ್ಲ. ಅದು ಕಲ್ಯಾಣದ ಸೇತುವೆ. ಹೆಸರು ಬದಲಿಸುವಾಗ ನನ್ನ ಕಣ್ಣು ತಪ್ಪಿಸಿ ಉಳಿದುಕೊಂಡಿತ್ತು.

“ಸಾಹೇಬ ಬೇರೆ ಯಾವುದೋ ಊರಿಗೆ ಹೋಗಿರಬೇಕು,” ಎಂದು ನಕ್ಕಳು. “ಅವನ ಹೆಸರೇನು?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನನ್ನ ಹೆಬ್ಬೆರಳು ತಾನಾಗಿ ಹೋಗಿ ಸಹಿಯ ಮೇಲೆ ಕೂತಿತು. “ಅಕ್ಷರ ಸರಿಯಾಗಿ ಕಾಣುತ್ತಿಲ್ಲ,” ಎಂದೆ.

“ಇರಲಿ. ನೀವು ಬಂದು ನೋಡಿದಿರಲ್ಲ, ಅದು ದೊಡ್ಡದು.”

ಎದ್ದು ಹೊರಟೆ. ರಿಕ್ಷಾ ಸ್ಟ್ಯಾಂಡಿನವರೆಗೂ ಬಂದೆ. ಬೂಟು ಇನ್ನೂ ಕೈಯಲ್ಲೇ ಇತ್ತು. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ. ಅವಳ ಚಹಾ ಕುಡಿದು, ಅವಳ ಮುಂದೆ ಕೂತು ಸುಳ್ಳು ಹೇಳಿದ್ದೆ. ರಿಕ್ಷಾದವನು ಎರಡು ಸಲ ಕರೆದ. ಹತ್ತಲಿಲ್ಲ, ತಿರುಗಿ ಅವಳ ಬಳಿಗೆ ನಡೆದೆ.

“ಆ ಸಹಿ ನನ್ನದು,” ಎಂದೆ.

ಹೀರಾಬಾಯಿ ನನ್ನ ಕೈಯ ಬೂಟನ್ನೂ ಕಾಲಿನ ಕೆಸರನ್ನೂ ನೋಡಿದಳು. ಬಯ್ದಿದ್ದರೆ ಹಗುರಾಗುತ್ತಿತ್ತು. ಕಾಗದವನ್ನು ಮಡಚಿ ಚೀಲದೊಳಗಿಟ್ಟಳು.

“ನಾಳೆ ಕೋರ್ಟಿನಲ್ಲೂ ಹೀಗೇ ಗಟ್ಟಿಯಾಗಿ ಓದು,” ಎಂದಳು. “ಸೇತುವೆ ಬಂದಾಗ ನಿಲ್ಲು.”

ಹಿಂದಿರುಗುವಾಗ ಮೆಗಾಬ್ಲಾಕಿಗೆ ಸಿಕ್ಕಿಕೊಂಡೆ. ಮನೆ ಸೇರಿದಾಗ ಸಂಜೆ ಐದಾಗಿತ್ತು. ಕಾಲಿನ ಕೆಸರು ಒಣಗಿ ಉದುರುತ್ತಿತ್ತು. ಈ ಕೆಲಸ ಉಳಿಯುತ್ತದೋ ಇಲ್ಲವೋ ಎಂದು ಹೆದರಿಕೆಯೂ ಇತ್ತು, ಸುಳ್ಳು ಹೇಳುವುದಿಲ್ಲ.

ಸೋಮವಾರ ಕೋರ್ಟಿನಲ್ಲಿ ನಮ್ಮ ಪ್ರಕರಣ ಕೂಗಿದಾಗ ಹೀರಾಬಾಯಿ ಹಿಂದಿನ ಬೆಂಚಿನಲ್ಲಿ ಚೀಲ ಹಿಡಿದು ಕೂತಿದ್ದಳು. ನ್ಯಾಯಾಧೀಶರು ದೂರ ಎಷ್ಟೆಂದು ಕೇಳುವ ಮೊದಲೇ ನನ್ನ ಉತ್ತರ ಓದಲು ಅನುಮತಿ ಕೇಳಿದೆ. ಗಟ್ಟಿಯಾಗಿ ಓದುತ್ತ ಹೋದೆ. ಸೇತುವೆ ಬಂದಾಗ ನಿಂತೆ.