ಸಂಕೇಶ್ವರದಿಂದ ಖಾಲಿ ಬಂದ ಡಬ್ಬಿ

ಮುಚ್ಚಳ ತೆಗೆದರೆ ಇವತ್ತಿಗೂ ಅಜವಾನದ ವಾಸನೆ. ಎಷ್ಟು ತಿಕ್ಕಿ ತೊಳೆದರೂ ಹೋಗಿಲ್ಲ, ಹೋಗುವುದೂ ಬೇಡ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದೀತು. ಐದು ಖಾನೆಗಳ ಈ ಸ್ಟೀಲ್ ಡಬ್ಬಿಯನ್ನು ಮೂಗಿಗೆ ಹಿಡಿದರೆ ಸಾಕು, ತವರಿನಿಂದ ದೂರ, ಘಾಟಿನಾಚೆ ಧನಕವಡಿಯ ನಮ್ಮ ಎರಡು ಕೋಣೆಯ ಮನೆ, ಸಂಜೆಯ ಹಳದಿ ಬಿಸಿಲು, ಸ್ಟೋವಿನ ಮುಂದೆ ಬೆವೆತ ಅವ್ವನ ಕುತ್ತಿಗೆ, ಎಲ್ಲ ತೇಲಿ ಬರುತ್ತವೆ. ಒಂದು ಖಾನೆಗೆ ಅಜವಾನದ ಕಾಳು ಹಾಕಿದ ಚಕ್ಕುಲಿ, ಒಂದಕ್ಕೆ ಶಂಕರಪಾಳಿ, ಒಂದಕ್ಕೆ ಅವಲಕ್ಕಿ ಚೂಡಾ, ಒಂದಕ್ಕೆ ಶೇಂಗಾ ಉಂಡಿ. ಇವು ಸೋದರಮಾವನ ಮಕ್ಕಳಿಗೆ. ನಡುವಿನ ಖಾನೆಗೆ ಬಾಯಲ್ಲಿಟ್ಟರೆ ಕರಗುವ ಬೇಸನ್ ಉಂಡಿ. ಅದು ಸಂಕೇಶ್ವರದಲ್ಲಿದ್ದ ಅಜ್ಜಿಗೆ, ಅವ್ವನ ಅವ್ವನಿಗೆ. ಅಜ್ಜಿಗೆ ಹಲ್ಲಿರಲಿಲ್ಲ.

ಮನೆ ಹತ್ತಿರದ ಕಾತ್ರಜದ ಬಸ್‌ಸ್ಟಾಪಿನಲ್ಲಿ ಬೆಳಗಾವಿ ಬಸ್ಸಿನ ಪರಿಚಯದ ಕಂಡಕ್ಟರ್ ಕೈಗೆ ಡಬ್ಬಿ ಕೊಟ್ಟು, ಬಸ್ಸು ಘಾಟಿನ ತಿರುವಿನಲ್ಲಿ ಮರೆಯಾಗುವವರೆಗೆ ಅವ್ವ ನಿಂತೇ ಇರುತ್ತಿದ್ದಳು. ತಾನು ಹೋಗಬೇಕಾದಲ್ಲಿಗೆ ಡಬ್ಬಿ ಕಳಿಸುವುದೇ ಅವಳಿಗೆ ರೂಢಿಯಾಗಿತ್ತು ನೋಡಿ. "ಹುಡುಗುರ ಪರೀಕ್ಷಾ ಮುಗೀಲಿ, ಹೋಗೂಣು," ಅನ್ನುವಳು. ಪರೀಕ್ಷೆ ಮುಗಿದರೆ ಅಪ್ಪನ ಆಫೀಸು, ಅದಾದ ಮೇಲೆ ನೀರಿನ ತಾಪತ್ರಯ. ಡಬ್ಬಿ ಮಾತ್ರ ಅಜ್ಜಿಯ ಕೆಂಪು ಖಾರ, ಅಗಸಿ ಚಟ್ನಿ, ಹೋಳಿಗೆ ತುಂಬಿಕೊಂಡು ಮರಳುತ್ತಿತ್ತು. ನಮ್ಮ ಕಡೆ ಯಾರೂ ಖಾಲಿ ಪಾತ್ರೆ ಮರಳಿಸುವುದಿಲ್ಲ, ಕಡೆಗೆ ಚಿಟಿಕೆ ಸಕ್ಕರೆಯನ್ನಾದರೂ ಹಾಕುತ್ತಾರೆ. ಸೂತಕದ ಮನೆಯಿಂದ ಮಾತ್ರ ತಿನ್ನುವ ಪದಾರ್ಥ ಹೊರಗೆ ಹೋಗುವುದಿಲ್ಲ.

ಒಂದು ದಿನ ಡಬ್ಬಿ ಹಗುರವಾಗಿ ಬಂತು. ಐದೂ ಖಾನೆ ಬರಿದು. ಕಂಡಕ್ಟರಿಗೆ ಏನೂ ಗೊತ್ತಿರಲಿಲ್ಲ, ಅಜ್ಜಿಯ ಮನೆಯಲ್ಲಿ ಫೋನಿರಲಿಲ್ಲ. ಅವ್ವ ರಸ್ತೆಯಲ್ಲೇ ಕುಸಿದು ಕೂತಳು. "ನಾ ಬರೂತನಕ ನಿಲ್ಲಲಿಲ್ಲೇನ ಯವ್ವಾ!" ಉಟ್ಟ ಸೀರೆಯಲ್ಲೇ ನನ್ನನ್ನು ಎಳೆದುಕೊಂಡು ಸಿಕ್ಕ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತಳು, ನಾನು ಅವಳ ಭುಜಕ್ಕೊರಗಿ ಅರೆನಿದ್ದೆಯಲ್ಲಿ ಅಜವಾನದ ವಾಸನೆ ಕುಡಿಯುತ್ತಿದ್ದೆ.

ಸಂಕೇಶ್ವರದಲ್ಲಿ ಅಜ್ಜಿ ಕಟ್ಟೆಯ ಮೇಲೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಿದ್ದಳು. "ಬಂದ್ಯಾ? ಖಾಲಿ ಡಬ್ಬಿ ಕಳಿಸಿದ್ರ ಓಡಿ ಬರ್ತಿ ಅಂತ ಗೊತ್ತಿತ್ತು ನನಗ."

"ಹಿಂಗ ಯಾರರ ಮಾಡ್ತಾರೇನಬೇ! ನನ್ನ ಜೀವಾನ ಹೋಗಿತ್ತಲ್ಲ!" ಬೈಯುತ್ತಲೇ ಅವ್ವ ಅವಳ ಮಡಿಲಿಗೆ ಬಿದ್ದಳು.

"ನಿನ್ನ ಉಂಡಿ ಭಾಳ ಛಲೋ ಇರ್ತಾವವ್ವಾ," ಅಜ್ಜಿ ಅವಳ ತಲೆ ಸವರಿದಳು, "ಖರೆ ಅವು ಮಾತಾಡಂಗಿಲ್ಲಲ್ಲ."

ಅಜ್ಜಿ ಹೋದಳು. ಆಮೇಲೆ ಅವ್ವನೂ. ಡಬ್ಬಿ ಈಗ ನನ್ನ ಅಡುಗೆಮನೆಯಲ್ಲಿದೆ, ಬಹಳ ವರ್ಷಗಳಿಂದ ಖಾಲಿ. ಕಂಡಾಗಲೆಲ್ಲ ಕಾಲು ತಾನಾಗಿ ಕಾತ್ರಜದ ಕಡೆ ಎಳೆಯುತ್ತದೆ. ಬಸ್ಸು ಹತ್ತಿ ಸಂಕೇಶ್ವರಕ್ಕೆ ಹೋದರೆ, "ಬಂದ್ಯಾ?" ಅನ್ನುವವರು ಯಾರೂ ಇಲ್ಲ.