ಒಣ ಹಳ್ಳದ ಕಪ್ಪು ಬಿಳುಪು ಚಿತ್ರ

ದೆವ್ವ ಕಂಡೆ ಎನ್ನುವವರಿಗೆ ನಾನು ಕೇಳುತ್ತಿದ್ದುದು ಒಂದೇ ಪ್ರಶ್ನೆ: ‘ಕಿಸೆದಾಗ ಮೊಬೈಲ್ ಇತ್ತಲ್ಲ, ಒಂದ ಫೋಟೊ ಯಾಕ ತಗೀಲಿಲ್ಲ?’ ಈಗ ಫೋಟೊ ನನ್ನ ಬಳಿಯೇ ಇದೆ. ತೋರಿಸುವ ಧೈರ್ಯ ಮಾತ್ರ ಇಲ್ಲ.

ನನಗೊಂದು ಚಟವಿದೆ. ರಜೆ ಸಿಕ್ಕರೆ ಜಲನಗರದ ಮನೆಯಿಂದ ಕ್ಯಾಮೆರಾ ಹೆಗಲಿಗೇರಿಸಿ ಹೊರಡುತ್ತೇನೆ. ಮನುಷ್ಯರ ಚಿತ್ರ ತೆಗೆಯುವುದಿಲ್ಲ. ಉದುರಿದ ಎಲೆ, ಒಡೆದ ಎಕ್ಕದ ಕಾಯಿ, ಕಲ್ಲು, ಗರಿ, ಇವು ಹೇಗೆ ಬಿದ್ದಿವೆಯೋ ಹಾಗೇ ತೆಗೆಯುತ್ತೇನೆ. ಕೈಯಿಂದ ಮುಟ್ಟಿ ಜೋಡಿಸುವುದೆಂದರೆ ನನಗಾಗದು. ಪ್ರತಿಯೊಂದನ್ನೂ ಒಮ್ಮೆ ಬಣ್ಣದಲ್ಲಿ, ಒಮ್ಮೆ ಕಪ್ಪು ಬಿಳುಪಿನಲ್ಲಿ ತೆಗೆಯುವುದು ರೂಢಿ.

ಕೆಲವು ವರ್ಷಗಳ ಹಿಂದಿನ ಬೇಸಿಗೆ. ಬಬಲೇಶ್ವರದ ಅಕ್ಕನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಿಜ್ಜರಗಿಯ ಬೀಗರ ಮನೆಗೆ ಹೊರಟಿದ್ದೆ. ತಿಕೋಟಾ ದಾಟಿದ ಮೇಲೆ ಒಂದು ಒಣ ಹಳ್ಳ ಸಿಕ್ಕಿತು. ಮಟಮಟ ಮಧ್ಯಾಹ್ನ. ಅಕ್ಕನಿಗೆ ಮೊಣಕಾಲು ನೋವು, ಕೈ ಹಿಡಿದು ಇಳಿಸಿದೆ. ಸೇತುವೆಯ ನೆರಳಿನಲ್ಲಿ ಉಸುಕಿನ ಮೇಲೆ ಕೂತು ಅವಳು ಬುತ್ತಿ ಬಿಚ್ಚಿದಳು.

“ಮೊದಲ ಉಣ್ಣ ಬಾರೋ. ಕಲ್ಲ ಎಲ್ಲಿ ಓಡಿ ಹೋಗ್ತಾವ?”

“ಎರಡ ಫೋಟೊ ಅಷ್ಟ, ಬಂದೆ” ಎಂದು ಹಳ್ಳದೊಳಗೇ ಸ್ವಲ್ಪ ಮೇಲಕ್ಕೆ ನಡೆದೆ.

ಸೊಂಟದೆತ್ತರದ ಒಂದು ಬಂಡೆ. ಅದರ ಮೇಲೆ ಪಾರಿವಾಳದ ಗರಿ, ಒಣಗಿದ ಎರಡು ಬೋರೆಹಣ್ಣು. ಬಣ್ಣದ ಚಿತ್ರ ಚೆನ್ನಾಗಿ ಬಂತು, ಧೂಳು ಹಿಡಿದ ಬಂಡೆ. ಕಪ್ಪು ಬಿಳುಪಿನದು ನೋಡಿದೆ. ಬಂಡೆಯ ಕೆಳಗಿನ ಅರ್ಧ ಕಡುಗಪ್ಪಾಗಿ, ಅಡ್ಡ ಗೆರೆ ಎಳೆದಂತಿತ್ತು. ಒದ್ದೆ ಕಲ್ಲು ಹಾಗೆ ಬರುತ್ತದೆಂದು ನನಗೆ ಗೊತ್ತು. ಬಂಡೆ ಮುಟ್ಟಿದೆ. ಕೈ ಸುಟ್ಟಿತು, ಬೆರಳಿಗೆ ಧೂಳು ಹತ್ತಿತು.

ಮತ್ತೆ ಬಣ್ಣದಲ್ಲಿ ತೆಗೆದೆ, ಒಣ ಬಂಡೆ. ಮತ್ತೆ ಕಪ್ಪು ಬಿಳುಪು. ಗೆರೆ ಮೇಲೇರಿತ್ತು. ಮೂರನೆಯ ಸಲ ಅದು ಗರಿಯನ್ನು ಮುಟ್ಟಿತ್ತು. ಕ್ಯಾಮೆರಾ ಕೆಟ್ಟಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಕೆಟ್ಟಿದ್ದರೆ ಬಣ್ಣದ ಚಿತ್ರವೂ ಕೆಡಬೇಕಿತ್ತಲ್ಲ? ಆಕಾಶದಲ್ಲಿ ಮೋಡದ ಸುಳಿವಿರಲಿಲ್ಲ. ಆದರೂ ನಮ್ಮ ಕಡೆಯ ಹಳ್ಳಗಳು ಎಲ್ಲೋ ಬಿದ್ದ ಮಳೆಗೆ ಬರುತ್ತವೆ. ತಿರುಗಿ ನೋಡಿದೆ. ಆ ಗೆರೆಯಷ್ಟು ನೀರು ಬಂದರೆ, ಕೂತ ಅಕ್ಕ ಪೂರ್ತಿ ಮುಳುಗುತ್ತಿದ್ದಳು. ಓಡಿದೆ.

“ಅಕ್ಕಾ, ಏಳ. ಮ್ಯಾಲ ಹೋಗೂಣು.”

“ಯಾಕೋ, ಹಾವ ಬಂತೇನು?”

“ಮೊದಲ ಏಳ ನೀ.”

“ಉಣ್ಣೂ ಮುಂದ ಎಬ್ಬಸ್ತಿ, ತಲಿ ಗಿಲಿ ಕೆಟ್ಟೈತೇನ ನಿನಗ?”

ಬೈಯುತ್ತಲೇ ಕೈ ಕೊಟ್ಟಳು. ದಡ ಹತ್ತುವಾಗ ಅವಳ ಮೊಣಕಾಲು ಎರಡು ಸಲ ಕೈಕೊಟ್ಟಿತು. ನಾನು ಹಿಂದೆ ನೋಡದೆ ಅವಳನ್ನು ಎಳೆದೆ. ಅವಳು ನರಳಿದರೂ ಬಿಡಲಿಲ್ಲ.

ಮೇಲೆ ಬೇವಿನ ಗಿಡದ ಕೆಳಗೆ ಬಹಳ ಹೊತ್ತು ಕೂತೆವು. ಹಳ್ಳಕ್ಕೆ ನೀರು ಬರಲಿಲ್ಲ. ಒಂದು ಹನಿಯೂ ಬರಲಿಲ್ಲ. ಚಿತ್ರದ ಸಂಗತಿ ಹೇಳಿದ್ದಕ್ಕೆ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೂ ನಾಚಿಕೆಯಾಯಿತು.

ಹೊರಡಲು ಎದ್ದಾಗ ಅವಳು ಸೀರೆಯ ಅಂಚು ಹಿಡಿದು ನೋಡಿದಳು. “ಇದ್ಯಾಕೋ ಹಸಿ ಆಗೇತಿ. ನೀರ ಏನರ ಚೆಲ್ಲಿದೇನ?” ಹಿಂಡಿದಳು, ನೀರು ಸುರಿಯಿತು. ಚೀಲದಲ್ಲಿದ್ದ ಬಾಟಲಿಯ ಮುಚ್ಚಳ ಇನ್ನೂ ತೆಗೆದಿರಲಿಲ್ಲ. ನಾನು ಹಳ್ಳಕ್ಕಿಳಿದು ಅವಳು ಕೂತಿದ್ದ ಜಾಗವನ್ನು ಕೈಯಿಂದ ತೋಡಿ ನೋಡಿದೆ. ಬಿಸಿ ಉಸುಕು, ಅದರ ಕೆಳಗೂ ಬಿಸಿ ಉಸುಕು.

ಆ ಚಿತ್ರಗಳನ್ನು ಎಷ್ಟೋ ಸಲ ನೋಡಿದ್ದೇನೆ. ಬಣ್ಣದ್ದರಲ್ಲಿ ಬಂಡೆ ಒಣ, ಕಪ್ಪು ಬಿಳುಪಿನದರಲ್ಲಿ ಒದ್ದೆ. ಅಕ್ಕ ಅದನ್ನು ಮರೆತಿದ್ದಾಳೆ. ಈಗಲೂ ಬಿಜ್ಜರಗಿಗೆ ಹೋಗುವಾಗ ಆ ಸೇತುವೆ ಬಂದ ಕೂಡಲೇ ನನ್ನ ಒಂದು ಕೈ ಹ್ಯಾಂಡಲ್ ಬಿಟ್ಟು, ಹಿಂದೆ ಕೂತ ಅವಳ ಕೈ ಹಿಡಿಯುತ್ತದೆ. “ಎರಡೂ ಕೈಲೆ ಗಾಡಿ ಹೊಡಿಯೋ, ಕೆಡವಿ ಗಿಡವಿ” ಎಂದು ಬೈಯುತ್ತಾಳೆ. ಹಳ್ಳ ದಾಟುವವರೆಗೆ ನಾನು ಬಿಡುವುದಿಲ್ಲ.